ಬೋರಲು ಬಿದ್ದ ರಾಜರು

ನೇರಲಕೋಟೆಯ ಪಾಳೆಯಗಾರ ಹುಲಿಯಪ್ಪ ನಾಯಕರು ಇಸ್ಪೀಟು ಹಿಡಿದು ಕೂತಾಗಲೆಲ್ಲ ಒಂದು ಮಾತನ್ನು ತಪ್ಪದೆ ಹೇಳುತ್ತಿದ್ದರು.

"ನನ್ನ ಕೈಗೆ ರಾಜನ ಎಲೆ ಬಂದರೆ ನಾನು ಆಟ ಬಿಡೋನಲ್ಲ. ರಾಜನಾದವನು ರಾಜನನ್ನ ಬೋರಲು ಹಾಕ್ತಾನೇನ್ರೋ?"

ಸಭೆಯವರು ತಲೆದೂಗುತ್ತಿದ್ದರು. ಈ ಒಂದು ಮಾತಿನಿಂದ ಎರಡು ತೆಂಗಿನ ತೋಟ, ಒಂದು ಪಲ್ಲಕ್ಕಿ, ನಾಯಕರ ಒಳ್ಳೆಯ ಜೋಡು ಎಲ್ಲ ಆಗಲೇ ಬೇರೆಯವರ ಪಾಲಾಗಿದ್ದವು.

ಆಡುತ್ತಿದ್ದದ್ದು ಮೂರೆಲೆಯ ಆಟ. ಒಬ್ಬೊಬ್ಬರಿಗೆ ಮೂರೇ ಎಲೆ; ಮೂರೂ ಒಂದೇ ಆದರೆ ಎಂಥ ಜೋಡಿಯೂ ಅದರ ಮುಂದೆ ಸೋತಂತೆ. ಪಣ ಏರಿಸುತ್ತ ಹೋಗಬೇಕು, ಇಲ್ಲವೆ ಎಲೆ ಬೋರಲು ಹಾಕಿ, ಕಟ್ಟಿದ್ದನ್ನು ಬಿಟ್ಟು ಏಳಬೇಕು. ಸಮನಾಗಿ ಪಣ ಕಟ್ಟದವನು ಎದುರಿನವನ ಎಲೆ ನೋಡುವಂತಿಲ್ಲ. ಕದ್ದು ನೋಡಿದವನಿಗೆ ಹತ್ತು ಚಾವಟಿ ಏಟು. ಈ ಕಟ್ಟಳೆ ಮಾಡಿದವರೂ ನಾಯಕರೇ.

ಒಂದು ಮಧ್ಯಾಹ್ನ ಕುದುರೆ ವ್ಯಾಪಾರಿ ಹಂಪಯ್ಯ ಎದುರಿಗೆ ಕೂತ. ನಾಯಕರ ಬೆನ್ನ ಹಿಂದೆ ಹಡಪದ ಚೆಲುವಯ್ಯ ನಿಂತಿದ್ದ. ಒಡೆಯರಿಗೆ ಎಲೆಯಡಿಕೆ ಮಡಿಸಿ ಕೊಡುವುದು ಅವನ ಕೆಲಸ. ಕೈ ಅಡಿಕೆ ಕತ್ತರಿಸುತ್ತಿದ್ದರೂ ಕಣ್ಣು ಎಲ್ಲೆಲ್ಲೋ ಓಡಾಡುತ್ತಿತ್ತು.

ನಾಯಕರ ಕೈಗೆ ಇಬ್ಬರು ರಾಜರು ಬಂದರು, ಜೊತೆಗೊಂದು ನಾಲ್ಕು. ನಾಯಕರ ಮೀಸೆ ತಾನಾಗಿ ಮೇಲೆದ್ದಿತು. ಬೆರಳಿನ ಉಂಗುರ ಕಳಚಿ ಪಣಕ್ಕೆ ಇಟ್ಟರು. ಹಂಪಯ್ಯ ತನ್ನದೊಂದು ಉಂಗುರ ಇಟ್ಟ. ಆಮೇಲೆ, ಹೆಂಡತಿಗೆ ಉಪ್ಪು ತಾ ಅಂದಷ್ಟು ಸಲೀಸಾಗಿ, "ಹತ್ತು ಕುದುರೆ" ಅಂದ.

ಚೆಲುವಯ್ಯನ ಅಡಕತ್ತರಿ ನಿಂತಿತು. ಇದೇ ಹಂಪಯ್ಯ ಬೆಳಗ್ಗೆ ಒಂದು ಹೊರೆ ಹುಲ್ಲಿಗಾಗಿ ಮುದುಕಿಯೊಬ್ಬಳ ಜೊತೆ ಬಿಸಿಲೇರುವ ತನಕ ಚೌಕಾಸಿ ಮಾಡಿದ್ದ. ಅಂಥವನು ಹತ್ತು ಕುದುರೆ ಇಟ್ಟು ಕಣ್ಣೂ ಮಿಟುಕಿಸಲಿಲ್ಲ.

"ಇಡಲೇನೋ ನನ್ನ ಆನೆ?" ಅಂದರು ನಾಯಕರು.

ನೇರಲಕೋಟೆಗೆ ಇದ್ದದ್ದು ಒಂದೇ ಆನೆ. ಅದೂ ನಾಯಕರ ಅರಸಿಯ ತವರಿನಿಂದ ಬಂದದ್ದು. ಅದು ಹೋದರೆ ಪಕ್ಕದ ಪಾಳೆಯದವರು ಮಾರನೆಯ ದಿನವೇ ಗಡಿ ದಾಟುತ್ತಿದ್ದರು.

ಆಟದ ನಡುವೆ ಎಲೆಯ ವಿಚಾರ ಯಾರೂ ಬಾಯಿ ಬಿಡುವಂತಿರಲಿಲ್ಲ. ಚೆಲುವಯ್ಯ ಬಗ್ಗಿ ಕೇಳಿದ: "ಬುದ್ಧಿ, ಆನೆ ಪಣಕ್ಕೆ ಬೀಳ್ತಿದೆ ಅಂತ ಒಳಗೆ ಅಮ್ಮಾವ್ರಿಗೆ ಒಂದ್ಮಾತು ತಿಳಿಸಿ ಬರ್ಲಾ?"

ನಾಯಕರ ಮೀಸೆ ಇಳಿಯಿತು. ಅಂತಃಪುರದ ಪರದೆಯ ಕಡೆ ಒಮ್ಮೆ ನೋಡಿದರು. ಎಲೆಗಳನ್ನು ಒಮ್ಮೆ ನೋಡಿದರು. ಮತ್ತೆ ಪರದೆ. ಕೊನೆಗೆ ಇಬ್ಬರು ರಾಜರೂ ಜಮಖಾನೆಯ ಮೇಲೆ ಬೋರಲು ಬಿದ್ದರು.

ಹಂಪಯ್ಯ ಉಂಗುರಗಳನ್ನು ಬಾಚಿಕೊಂಡು, ತನ್ನ ಎಲೆಗಳನ್ನು ಬೋರಲಾಗಿಯೇ ಬಿಟ್ಟು ಹೊರಟುಹೋದ.

ಆ ಮೂರು ಎಲೆ ಯಾರೂ ಮುಟ್ಟಕೂಡದು ಎಂದು ನಾಯಕರು ಅವುಗಳ ಮೇಲೆ ಹಿತ್ತಾಳೆ ತಟ್ಟೆ ಮುಚ್ಚಿಸಿದರು. ಆಮೇಲೆ ತಾವೇ ಆ ತಟ್ಟೆಯ ಸುತ್ತ ಸುತ್ತತೊಡಗಿದರು.

"ಅವನ ಕೈಲಿ ಏನೂ ಇರಲಿಲ್ಲ ಕಣೋ. ಬರೀ ಬೆದರಿಕೆ. ನೀನು ನನ್ನ ರಾಜರನ್ನ ಹಾಳು ಮಾಡಿದೆ."

"ಇರಬಹುದು ಬುದ್ಧಿ."

"ಇರಬಹುದು ಅಂದ್ರೆ? ನಾಳೆ ಊಟದ ಹೊತ್ತಿಗೆ ಅವನ ಎಲೆ ಏನು ಅಂತ ನನಗೆ ಗೊತ್ತಾಗಬೇಕು. ಕಸವೇ ಆಗಿದ್ದರೆ ಹಡಪ ಕೆಳಗಿಟ್ಟು ಆನೆ ಲದ್ದಿ ಎತ್ತೋಕೆ ಹೋಗು. ಆನೆ ಹೇಗೂ ಉಳಿದಿದೆ."

ಚೆಲುವಯ್ಯನಿಗೆ ಒಳಗೊಳಗೇ ಅಳುಕು. ಹುಲ್ಲಿಗೆ ಚೌಕಾಸಿ ಮಾಡುವವನು ಕಸ ಹಿಡಿದು ಕುದುರೆ ಇಡಲಾರ ಎಂಬ ಲೆಕ್ಕಾಚಾರ ತಪ್ಪಿದ್ದರೂ ತಪ್ಪಿರಬಹುದು. ಎಲೆ ತಿರುಗಿಸುವ ಹಕ್ಕು ಉಳಿದಿದ್ದದ್ದು ಹಂಪಯ್ಯನಿಗೊಬ್ಬನಿಗೇ, ಅವನೋ ಬಿಟ್ಟಿಯಾಗಿ ಏನನ್ನೂ ತೋರಿಸುವವನಲ್ಲ.

ಬೆಳಗ್ಗೆ ಎದ್ದವನೇ ಚೆಲುವಯ್ಯ ಕುದುರೆ ಸಂತೆಗೆ ಹೋದ. ಕೊಳ್ಳುವವರು ಗುಂಪುಗೂಡುವ ತನಕ ಸುಮ್ಮನೆ ಕಾದು, ಆಮೇಲೆ ಹಂಪಯ್ಯನ ಮುಂದೆ ನೆಲಮುಟ್ಟ ಬಗ್ಗಿದ.

"ಯಜಮಾನ್ರೇ, ನಮ್ಮ ಒಡೆಯರು ಹೇಳಿ ಕಳಿಸಿದ್ದಾರೆ. ಕೈಯಲ್ಲಿ ಕಸ ಇಟ್ಕೊಂಡು ಕುದುರೆ ಮಾತಾಡಿದಿರಲ್ಲ, ಇಷ್ಟು ಚೆನ್ನಾಗಿ ಸುಳ್ಳು ಹೇಳೋರನ್ನ ಅವರು ಎಲ್ಲೂ ನೋಡಿಲ್ಲವಂತೆ. ಸಭೆಯಲ್ಲಿ ಸನ್ಮಾನ ಮಾಡ್ತಾರಂತೆ."

"ಯಾವನೋ ಸುಳ್ಳು ಹೇಳಿದ್ದು?" ಹಂಪಯ್ಯ ಕೆಂಪಾದ.

"ಮುಖ ನೋಡಿದ್ರೆ ಒಂಚೂರೂ ಗೊತ್ತಾಗಲಿಲ್ಲ ಯಜಮಾನ್ರೇ. ಅಲ್ಲೇ ಇರೋದು ನಿಮ್ಮ ಹೆಚ್ಚುಗಾರಿಕೆ."

ಒಬ್ಬ ಗಿರಾಕಿ ಕುದುರೆಯ ಬಾಯಿ ಬಿಡಿಸಿ ನಿಂತಿದ್ದ. ಮೆಲ್ಲಗೆ ಕೈ ತೆಗೆದ. "ಇದಕ್ಕೆ ನಾಲ್ಕೇ ವರ್ಷ ಅಂದಿರಲ್ಲ ಹಂಪಯ್ಯನೋರೇ, ಅದೂ ಹೀಗೇನಾ?" ಉಳಿದವರೂ ಒಬ್ಬೊಬ್ಬರಾಗಿ ಪಕ್ಕದ ವ್ಯಾಪಾರಿಯ ಕಡೆ ಸರಿದರು.

ಹಂಪಯ್ಯನಿಗೆ ರುಮಾಲು ಸುತ್ತಿಕೊಳ್ಳುವಷ್ಟೂ ಪುರುಸೊತ್ತಾಗಲಿಲ್ಲ. ಗಿರಾಕಿಗಳನ್ನೂ ಎಳೆದುಕೊಂಡು ಕೋಟೆಗೆ ಓಡಿದ, ಸಭೆಗೆ ನುಗ್ಗಿದ, ತಟ್ಟೆ ಎತ್ತಿ ಒಗೆದು ಎಲೆ ಮಗುಚಿದ.

ಏಳು. ಏಳು. ಏಳು.

"ನೋಡಿಕೊಳ್ಳಿ," ಅಂದ, ಅಳುವವನ ಹಾಗೆ. "ಮೂರು ಏಳು. ಹುಟ್ಟಿದಾಗಿನಿಂದ ಒಂದೇ ಸಲ ಬಂದ ಎಲೆ. ಸಿಕ್ಕಿದ್ದು ಒಂದು ಉಂಗುರ. ಅದರ ಮೇಲೆ ನಾನು ಸುಳ್ಳುಗಾರ ಬೇರೆ."

ಗಿರಾಕಿಗಳು ಅವನನ್ನು ಸಮಾಧಾನ ಮಾಡಿ ಕರೆದೊಯ್ದರು. ನಾಯಕರು ಮೂರು ಏಳನ್ನೂ ಬಹಳ ಹೊತ್ತು ನೋಡಿದರು. ಆನೆ ಉಳಿದದ್ದು ಈಗ ಅವರಿಗೆ ಅರ್ಥವಾಯಿತು. ಅರ್ಥವಾದ ಕೂಡಲೇ ಎದೆ ಉಬ್ಬಿತು.

"ಕಂಡಿರೇನ್ರೋ? ಇಬ್ಬರು ರಾಜರು ಕೈಲಿದ್ದೂ ಬೋರಲು ಹಾಕಿದೆ. ಅದಕ್ಕೆ ಎಂಥ ಗುಂಡಿಗೆ ಬೇಕು. ಏನಂತೀಯೋ ಚೆಲುವಯ್ಯ?"

"ಇಬ್ಬರಲ್ಲ ಬುದ್ಧಿ, ಮೂವರು."

"ನಿನ್ನ ಕಣ್ಣಿಗೇನಾಗಿದೆ? ಇದ್ದದ್ದು ಇಬ್ಬರೇ."

"ಎಲೆಯಲ್ಲಿ ಇಬ್ಬರು, ಗಾದಿ ಮೇಲೆ ಒಬ್ಬರು. ಮೂವರನ್ನೂ ಬೋರಲು ಹಾಕೋಕೆ ಒಬ್ಬ ರಾಣಿ ಹೆಸರು ಸಾಕಾಯ್ತು."

ಸಭೆಯವರು ನಾಯಕರ ಮುಖ ನೋಡಿದರು. ಮೊದಲು ನಗು ಕೇಳಿಸಿದ್ದು ಪರದೆಯ ಹಿಂದಿನಿಂದ. ಅಲ್ಲಿಂದಲೇ ನಗು ಬಂದ ಮೇಲೆ ನಾಯಕರು ನಗದೆ ಏನು ಮಾಡಿಯಾರು? ಹೊಟ್ಟೆ ಹಿಡಿದುಕೊಂಡು ನಕ್ಕರು. ಕೊರಳಿನ ಮುತ್ತಿನ ಸರ ತೆಗೆದು ಚೆಲುವಯ್ಯನ ಕೈಗೆ ಹಾಕಿದರು.

"ಬೇಗ ತಗೊಂಡು ಮನೆಗೆ ಹೋಗು," ಅಂದರು. "ಸಂಜೆ ಮತ್ತೆ ಆಟ ಇದೆ."