ಟಿಟ್ಟಿಭದ ಕೂಗು

"ಗುರುಗಳೇ, ನಾಳೆ ನಾನು ಮಠ ಬಿಟ್ಟು ಹೋಗುತ್ತೇನೆ. ಅದಕ್ಕೆ ಮೊದಲು ಒಂದು ಮಾತು ತಿಳಿಯಬೇಕು. ಇಲ್ಲಿಯವರು ನನ್ನನ್ನು ಕೆಣಕುವಾಗ ಎಲ್ಲಿ ಮುಟ್ಟಿದರೆ ನೋಯುತ್ತದೋ ಅಲ್ಲಿಗೇ ಕೈ ಹಾಕುತ್ತಾರೆ. ಆ ಜಾಗ ಅವರಿಗೆ ಹೇಗೆ ಗೊತ್ತಾಗುತ್ತದೆ?"

ಕೇಳಿದವನು ಚನ್ನಮಲ್ಲ, ಮಠಕ್ಕೆ ಬಂದು ವರ್ಷ ತುಂಬದ ಶಿಷ್ಯ. ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡರು.

"ಹೊರಟವನನ್ನು ಹಿಡಿದು ನಿಲ್ಲಿಸುವಷ್ಟು ಕಸುವು ಈ ಮುದುಕನಿಗಿಲ್ಲ. ಒಂದು ಕತೆ ಕೇಳಿಕೊಂಡು ಹೋಗು" ಎಂದು ಶುರುಮಾಡಿದರು.

ಒಬ್ಬ ರೈತನ ಹೊಲದಲ್ಲಿ ಟಿಟ್ಟಿಭ ಹಕ್ಕಿ ಮೊಟ್ಟೆ ಇಟ್ಟಿತ್ತು. ಅದು ಮರದಲ್ಲಿ ಗೂಡು ಕಟ್ಟುವ ಹಕ್ಕಿಯಲ್ಲ, ಬರಿ ನೆಲದ ಮೇಲೆ ಇಡುತ್ತದೆ. ಹರಳುಗಳ ನಡುವೆ ಅದರ ಮೊಟ್ಟೆಯೂ ಹರಳಿನಂತೆಯೇ. ಮೊಟ್ಟೆ ಇದ್ದಷ್ಟು ನೆಲ ಬಿಟ್ಟು ಕುಂಟೆ ಹೊಡೆಯುವುದು ಆ ಸೀಮೆಯ ಪದ್ಧತಿ. ರೈತ ಹುಡುಕಿ ಹುಡುಕಿ ಸೋತು, ಎತ್ತು ಬಿಚ್ಚಿ ಬದುವಿನ ಮೇಲೆ ಕೂತ.

ಆಗ ಒಂದು ಕಾಗೆ ಹೊಲಕ್ಕೆ ಇಳಿಯಿತು. ಅದು ನೆಲ ನೋಡಲೇ ಇಲ್ಲ. ಈ ಕಡೆ ನಾಲ್ಕು ಹೆಜ್ಜೆ ಇಟ್ಟಿತು, ತಾಯಿಹಕ್ಕಿ ಸುಮ್ಮನಿತ್ತು. ಆ ಕಡೆ ತಿರುಗಿತು, ತಾಯಿ ಕೂಗಿತು. ಇನ್ನಷ್ಟು ಮುಂದೆ ಹೋಯಿತು, ತಾಯಿ ಗಂಟಲು ಹರಿಯುವಂತೆ ಕೂಗುತ್ತ ಮೇಲೆರಗಿತು. ಕಾಗೆ ಅಲ್ಲೇ ನಿಂತು ಕೊಕ್ಕು ಬಗ್ಗಿಸಿತು. ರೈತ ಎದ್ದು ಓಡಿಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಬುತ್ತಿ ತಂದ ಹೆಂಡತಿ, "ಕಾಗೆಯ ಕಣ್ಣು ಅಂದರೆ ಕಣ್ಣು" ಎಂದಳು.

"ಕಣ್ಣೇನು ಬಂತು, ಅದು ಕಿವಿಯಲ್ಲಿ ಹುಡುಕಿತು. ದಾರಿ ತೋರಿಸಿದ್ದು ತಾಯಿಯೇ" ಎಂದ ರೈತ.

ಟಿಟ್ಟಿಭ ಮತ್ತೆ ಮೊಟ್ಟೆ ಇಟ್ಟಿತು. ಕಾಗೆಯೂ ಮತ್ತೆ ಬಂತು, ರುಚಿ ಕಂಡದ್ದು ಬಿಡುತ್ತದೆಯೇ? ಈ ಸಲ ತಾಯಿ ಬರಿ ಹರಳಿದ್ದ ಕಡೆ ಹೋಗಿ ರಂಪ ಮಾಡಿತು. ಕಾಗೆ ಸಂಜೆಯವರೆಗೂ ಹರಳು ಕುಕ್ಕಿ, ಕೊಕ್ಕು ನೋಯಿಸಿಕೊಂಡು ಹೋಯಿತು. ಹಕ್ಕಿಗೂ ಬುದ್ಧಿ ಬರುತ್ತದೆ, ಒಂದು ಸಲ ಕೆಟ್ಟ ಮೇಲೆ.

ಕತೆ ಮುಗಿಯಿತು. ಚನ್ನಮಲ್ಲ ತಲೆಯಾಡಿಸಿದ.

"ಅದು ಹಕ್ಕಿಯ ಮಾತಾಯಿತು. ನಾನೆಲ್ಲಿ ಕೂಗಿದೆ?" ಅವನ ದನಿ ಏರಿತು. "ನನ್ನ ಅಪ್ಪ ಕದ್ದು ಸೆರೆಮನೆ ಸೇರಿದ್ದನ್ನು ಇಲ್ಲಿ ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ."

ಗುರುಗಳು ಅವನ ಬೆನ್ನ ಮೇಲೆ ಕೈಯಿಟ್ಟರು.

"ನಿನ್ನ ಅಪ್ಪನ ಸುದ್ದಿ ನಾನು ಕೇಳಿಯೇ ಇರಲಿಲ್ಲವಲ್ಲ, ಮಗು."