ಆಮೆ ಡಾಕ್ಟರು ಓಡಿದ ದಿನ

ಹುಂಜವೊಂದಕ್ಕೆ ಉಬ್ಬಸ ಹಿಡಿಯಿತು. ಹಿತ್ತಲಿನ ಆಮೆ ಡಾಕ್ಟರು ಸ್ಟೀರಾಯ್ಡ್ ಮಾತ್ರೆ ಕೊಟ್ಟು ಹೇಳಿದರು: "ದಿನವೂ ಬೆಳಿಗ್ಗೆ ಕಾಳು ತಿಂದ ಮೇಲೆ ನುಂಗು. ವಾಸಿಯಾಯಿತೆಂದು ನೀನಾಗಿ ನಿಲ್ಲಿಸಬೇಡ. ಯಾವಾಗ ಮುಕ್ಕಾಲು, ಯಾವಾಗ ಅರ್ಧ ಎಂದು ನಾನು ಹೇಳುತ್ತೇನೆ. ಮೆಲ್ಲಗೆ ಇಳಿಸೋಣ."

ಎರಡು ತಿಂಗಳಲ್ಲಿ ಹುಂಜದ ಕೂಗು ಮೂರು ಕೇರಿಗೆ ಮುಟ್ಟತೊಡಗಿತು. "ಮೆಲ್ಲಗೆಯಂತೆ! ಆಮೆಗೆ ಬೇರೇನು ಗೊತ್ತು? ನಾನು ಕೂಗದಿದ್ದರೆ ಈ ಊರಿಗೆ ಬೆಳಗೇ ಆಗುವುದಿಲ್ಲ. ನನಗೆ ಅರ್ಧ ಮಾತ್ರೆಯೇ?" ಎಂದು ಉಳಿದದ್ದನ್ನೆಲ್ಲ ತಿಪ್ಪೆಗೆ ಎಸೆಯಿತು.

ನಾಲ್ಕನೆಯ ಮುಂಜಾನೆ ಕೂಗಲೆಂದು ಗೋಡೆ ಹತ್ತಿದ ಹುಂಜಕ್ಕೆ ತಲೆ ಸುತ್ತಿತು, ಕಾಲು ಸೋತಿತು, ದೊಪ್ಪನೆ ಕೆಳಗೆ ಬಿತ್ತು. ಹೇಂಟೆ ಬೊಬ್ಬೆ ಹಾಕಿತು. ಆಮೆ ಡಾಕ್ಟರು ಓಡಿ ಬಂದರು. ಆಮೆ ಓಡುವುದನ್ನು ಕಂಡಾಗಲೇ ಹುಂಜಕ್ಕೆ ತನ್ನ ಸ್ಥಿತಿ ಎಷ್ಟು ಕೆಟ್ಟಿದೆಯೆಂದು ತಿಳಿದದ್ದು.

ಸೂಜಿ ಚುಚ್ಚಿದ ಡಾಕ್ಟರು ಏದುಸಿರು ಬಿಡುತ್ತ ಗದರಿದರು: "ಇಂಥ ಮದ್ದನ್ನು ಮೊದಲು ನಿನ್ನ ಮೈಯೇ ದಿನವೂ ಇಷ್ಟಿಷ್ಟು ತಯಾರಿಸುತ್ತಿತ್ತು. ಹೊರಗಿನಿಂದ ಬರತೊಡಗಿದ ಮೇಲೆ ಅದು ಕೆಲಸ ಬಿಟ್ಟು ಮಲಗಿದೆ. ಅದನ್ನು ಮೆಲ್ಲಗೆ ಎಬ್ಬಿಸಬೇಕು."

"ಎಬ್ಬಿಸುವುದನ್ನು ನನಗೆ ಕಲಿಸುತ್ತೀರಾ? ಒಂದೇ ಕೂಗು ಸಾಕು!"

"ಎಲ್ಲಿ, ಕೂಗು ನೋಡೋಣ."

ಹುಂಜ ಕತ್ತು ಚಾಚಿ ಕೊಕ್ಕು ತೆರೆಯಿತು. ಗಾಳಿಯಷ್ಟೇ ಬಂತು.

ಹೇಂಟೆ ಕಾಳು ತಂದು ಮುಂದಿಟ್ಟಿತು. "ಮೊದಲು ಇದನ್ನು ತಿನ್ನಿ, ಆಮೇಲೆ ಮಾತ್ರೆ. ಕೂಗುವ ಅವಸರ ಬೇಡ. ಆಗಲೇ ಬೆಳಗಾಗಿದೆ."