ಹೆಪ್ಪುಗಟ್ಟಿ ಬಂದ ಹಡಗು

"ತೆರೆಗೋಡಿನ ಜನರೇ ಕೇಳಿ. ಬಂದರಿಗೆ ಬಂದ ಹಡಗಿನ ಮೇಲೆ ಕೂತಿರುವ ಹೆಂಗಸಿನ ಮೂರು ಒಗಟು ಒಡೆದವರಿಗೆ ಅರಸರ ಮಗಳು ಚಾಗಲೆಯನ್ನು ಕೊಟ್ಟು ಮದುವೆ, ಜೊತೆಗೆ ಅರ್ಧ ರಾಜ್ಯ. ಒಂದು ಉತ್ತರ ತಪ್ಪಿದರೂ ಪ್ರಾಣದ ಆಸೆ ಬಿಡಬೇಕು. ಇದು ಸಾಂತರಸರ ಅಪ್ಪಣೆ."

ಡಂಗುರದವನು ಪ್ರಾಣದ ಮಾತನ್ನು ಮಾತ್ರ ಮೆಲ್ಲಗೆ ಹೇಳಿ ಮುಂದಿನ ಬೀದಿಗೆ ನಡೆದ. ದೂಮನಿಗೆ ಅದೂ ಕೇಳಿಸಿತು. ದೋಣಿಯ ಸಂದಿಗೆ ತೆಂಗಿನ ನಾರು ತುಂಬಿ ರಾಳ ಮೆತ್ತುವುದು ಅವನ ಕೆಲಸ. ಅರ್ಧ ರಾಜ್ಯ ಅವನಿಗೆ ಬೇಕಿರಲಿಲ್ಲ. ಆ ಹಡಗಿನ ಚುಕ್ಕಾಣಿ ಹಿಡಿದು ನಿಂತಿದ್ದವನು ಅವನ ಒಡಹುಟ್ಟಿದ ಅಣ್ಣ ಸೇಸ.

ಎರಡು ವರ್ಷದ ಹಿಂದೆ ಒಬ್ಬ ಯವನ ವ್ಯಾಪಾರಿ ಬಂದು, ಭೂಮಿಯ ತುದಿಯಲ್ಲಿ ಕಲ್ಲಾಗುವ ಸಮುದ್ರವಿದೆ ಎಂದು ಅರಸನ ಕಿವಿಗೆ ಊದಿದ್ದ. ಅದರ ದಪ್ಪ ಎಷ್ಟು, ಆಳ ಎಷ್ಟು, ಅಲ್ಲಿ ಯಾವ ಮೀನು ಎಂದು ಅಳೆದು ಬರೆದುಕೊಂಡು ಬರಲು ಅರಸ ಹಡಗು ಕಟ್ಟಿಸಿದ. ಯವನರ ಕತೆಯಲ್ಲಿ ಕಡಲ ಮುದುಕ ನೆರಿಯಸನಿಗೆ ಐವತ್ತು ಹೆಣ್ಣುಮಕ್ಕಳಂತೆ, ನೆರೈಡೆಯರು ಅಂತ. ಹಡಗಿಗೂ ಅದೇ ಹೆಸರು. ಮೂತಿಯಲ್ಲಿ ಕೆತ್ತಿಸಿದ ಮುಖ ಮಾತ್ರ ಯವನರದ್ದಲ್ಲ, ತೋಟದ ಮನೆಯಲ್ಲಿ ಅರಸ ಇಟ್ಟುಕೊಂಡಿದ್ದ ನಾಟ್ಯದವಳದ್ದು. ಅದೇ ಮೂಗು, ಅದೇ ಮೂಗುಬೊಟ್ಟು. ಊರೆಲ್ಲ ಬಾಯಿಗೆ ಸೆರಗು ಹಿಡಿದು ನಕ್ಕಿತು. ರಾಣಿ ಏನೂ ಗೊತ್ತಿಲ್ಲದವಳ ಹಾಗೆ ಆ ಮುಖಕ್ಕೇ ಆರತಿ ಎತ್ತಿದಳು.

ಆ ಹಡಗು ಈಗ ಚೈತ್ರದ ಉರಿಬಿಸಿಲಲ್ಲಿ, ಹಾಯಿ ಇಲ್ಲದೆ, ಗಾಳಿಗೆ ಎದುರಾಗಿ ಬಂದು ನಿಂತಿತ್ತು. ಮೈಯೆಲ್ಲ ಬಿಳಿ. ಮೂವತ್ತೆರಡು ಜನ ನಿಂತಲ್ಲೇ ಹೆಪ್ಪುಗಟ್ಟಿದ್ದರು. ಒಬ್ಬ ತುತ್ತು ಎತ್ತಿದ್ದ, ಬಾಯಿ ತೆರೆದೇ ಇತ್ತು. ಅಷ್ಟು ಬಿಸಿಲಿಗೆ ಒಂದು ಹನಿ ಕರಗಲಿಲ್ಲ. ನಡುವೆ ಕೂತ ಹೆಂಗಸಿನ ಕೂದಲಿಂದ ನೀರು ಸುರಿಯುತ್ತಿತ್ತು, ಕೆಳಗಿನ ಹಲಗೆ ಒಣಗಿಯೇ ಇತ್ತು. ಒಗಟು ಒಡೆದರೆ ಜನರನ್ನು ಬಿಡುತ್ತೇನೆ, ಅಮಾವಾಸ್ಯೆಯೊಳಗೆ ಒಡೆಯದಿದ್ದರೆ ಬಂದ ದಾರಿಗೇ ಕರೆದೊಯ್ಯುತ್ತೇನೆ ಎಂದಿದ್ದಳು.

ಮೊದಲು ಹತ್ತಿದವನು ಮಂತ್ರಿಯ ಅಳಿಯ ದೇಕರಸ. ಮನೆಯಲ್ಲಿ ಹೆಂಡತಿ ಬಸುರಿ, ಇವನು ಗಂಧ ಪೂಸಿಕೊಂಡು ಇನ್ನೊಂದು ಮದುವೆಗೆ ಹೊರಟಿದ್ದ.

"ನೀರಿನ ಮೇಲೆ ನೀರಿನದೇ ಚಪ್ಪರ," ಎಂದಳು ಹೆಂಗಸು. "ಹಾಕಿದ ಬಡಗಿಯಿಲ್ಲ. ಆನೆ ನಡೆದರೆ ಮುರಿಯದು, ಬಿಸಿಲು ನಡೆದರೆ ಮುರಿಯುತ್ತದೆ. ಏನದು?"

"ತಾವರೆ ಎಲೆ," ಎಂದ ದೇಕರಸ. ಆ ಮಾತಿನ ಆಕಾರದಲ್ಲೇ ತುಟಿ ಬಿಳಿಯಾಗಿ ನಿಂತಿತು.

ಆಮೇಲೆ ಆಸ್ಥಾನದ ಪಂಡಿತ ನಾಗದೇವಯ್ಯ ಹತ್ತಿದರು. ಎಪ್ಪತ್ತು ದಾಟಿದ ಮದುಮಗ. ಕಾಲಡಿಯ ಹಿಮ ನೋಡಿ, "ಮಂಜುಗಡ್ಡೆ," ಎಂದರು. ಸರಿಯಾಯಿತು.

"ಐವತ್ತು ಅಕ್ಕತಂಗಿಯರು. ಒಬ್ಬಳ ಹಿಂದೆ ಒಬ್ಬಳು ತವರಿಂದ ಓಡಿಬರುತ್ತಾರೆ. ಊರ ಬಾಗಿಲಲ್ಲಿ ಬಿಳಿ ಸೀರೆ ಕಳಚಿ ಎಸೆದು ಹಿಂದಿರುಗುತ್ತಾರೆ. ಯಾರು?"

ಪಂಡಿತರು ಸೀರೆ ಎಂಬಲ್ಲಿ ಸ್ವಲ್ಪ ಹೊತ್ತು ನಿಂತರು. ಕೊನೆಗೆ, "ನಕ್ಷತ್ರಗಳು," ಎಂದರು. ಗಡ್ಡ ಕಡ್ಡಿಯ ಹಾಗೆ ಸೆಟೆಯಿತು.

ಮೂರನೆಯ ದಿನ ದೂಮ ಹತ್ತಿದ. ಅಣ್ಣನ ಕಣ್ಣು ತೆರೆದೇ ಇತ್ತು, ಇವನನ್ನು ನೋಡಲಿಲ್ಲ.

ಹೆಂಗಸು ಮೊದಲ ಒಗಟು ಕೇಳಿದಳು.

"ಅದಕ್ಕೆ ಪಂಡಿತರದ್ದೇ ಉತ್ತರ, ನನ್ನದಲ್ಲ," ಎಂದ ದೂಮ. ಹೆಪ್ಪುಗಟ್ಟಿದ ಮುದುಕರತ್ತ ತಿರುಗಿ ಕೈಮುಗಿದ. "ಅಯ್ಯಾ, ನಿಮ್ಮ ಉತ್ತರ ತಗೊಳ್ಳುತ್ತೇನೆ, ಅಪ್ಪಣೆಯಿರಲಿ. ಮಂಜುಗಡ್ಡೆ, ತಾಯಿ."

ಅವಳು ಆಗಲೇ ಮೊದಲ ಬಾರಿಗೆ ಒಬ್ಬ ಮನುಷ್ಯನ ಮುಖ ನೋಡಿದ್ದು. ಎರಡನೆಯದನ್ನೂ ಕೇಳಿದಳು.

"ತೆರೆಗಳು. ಬಿಳಿ ಸೀರೆ ಎಂದರೆ ನೊರೆ. ದಿನಾ ನನ್ನ ಕಾಲ ಮೇಲೆ ಬಿಸಾಡಿ ಹೋಗುತ್ತಾರೆ."

"ನಮ್ಮ ಮನೆಯಿಂದ ಒಂದು ವಸ್ತು ಕಳವಾಯಿತು," ಎಂದು ಹೆಂಗಸು ಮೂರನೆಯದಕ್ಕೆ ಬಂದಳು. " ಕದ್ದವನ ಹತ್ತಿರವೂ ಇದೆ, ನಮ್ಮ ಹತ್ತಿರವೂ ಹಾಗೇ ಇದೆ. ಏನದು? ಕದ್ದವನು ಏನು ತೆರಬೇಕು?"

ದೂಮನ ಬೆರಳ ತುದಿ ಆಗಲೇ ಬೆಳ್ಳಗಾಗುತ್ತಿತ್ತು. ಇವಳ ಮನೆ ಸಮುದ್ರ. ಸಮುದ್ರದಿಂದ ಈ ಹಡಗು ತಂದದ್ದೇನು? ಮೀನೂ ಇಲ್ಲ, ಮುತ್ತೂ ಇಲ್ಲ. ಹೋಗುವ ಮೊದಲೇ ತೆಗೆದುಕೊಂಡಿದ್ದರೆ?

"ಹೆಸರು, ತಾಯಿ. ನಮ್ಮಲ್ಲಿ ದೋಣಿಗೆ ಅತ್ತೆಯ ಹೆಸರಿಡಬೇಕಾದರೂ ಮೊದಲು ವೀಳ್ಯ ಕೊಟ್ಟು ಅವಳನ್ನು ಕೇಳುತ್ತೇವೆ. ಸತ್ತವಳಾದರೆ ಮಣ್ಣು ಮಾಡಿದ ಜಾಗಕ್ಕೆ ಹೋಗಿ ಕೇಳುತ್ತೇವೆ. ನಮ್ಮ ಮೇಸ್ತ್ರಿ ನೆನಪಿಸಿದ್ದ. ಕತೆಯ ಹೆಂಗಸರಿಗೆ ಯಾವ ಊರಿಗೆ ವೀಳ್ಯ ಕಳಿಸಲಿ ಅಂತ ಅರಸರು ನಕ್ಕರು."

ಸೊಂಟದ ಸಂಚಿ ಬಿಚ್ಚಿ ಎರಡು ವೀಳ್ಯದೆಲೆ, ಒಂದು ಅಡಿಕೆ ಹಲಗೆಯ ಮೇಲಿಟ್ಟ. "ತೆರಬೇಕಾದದ್ದು ಇದು. ಈ ಹಲಗೆಗಳಿಗೆ ನಾರು ತುಂಬಿದವನು ನಾನು. ಆ ಹಕ್ಕಿನಿಂದ ಕೇಳುತ್ತೇನೆ. ಹೆಸರು ಕೊಡುತ್ತೀರಾ?"

"ನಾನು ಗಲೀನೆ," ಎಂದಳು. "ಉಳಿದ ನಲವತ್ತೊಂಬತ್ತು ಜನರನ್ನೂ ಕೇಳು."

ದೂಮ ಅಂಚಿನಿಂದ ಬಗ್ಗಿ ನೋಡಿದ. ನೀರಿನೊಳಗೆ, ಹಡಗಿನ ಸುತ್ತ, ಮೇಲಕ್ಕೆತ್ತಿದ ಮುಖಗಳು. ಒಂದೂ ರೆಪ್ಪೆ ಬಡಿಯಲಿಲ್ಲ. ಅವನು ಕೈಮುಗಿದೇ ನಿಂತ. ಬಹಳ ಹೊತ್ತಾದ ಮೇಲೆ ಆ ತಲೆಗಳೆಲ್ಲ ಒಟ್ಟಿಗೆ ಆಡಿದವು.

"ಕೊಟ್ಟೆವು. ಆದರೆ ಮೂತಿಯಲ್ಲಿರುವ ಹೆಂಗಸು ನಮ್ಮವಳಲ್ಲ, ಕೀಳಿಸು," ಎಂದು ಗಲೀನೆ ವೀಳ್ಯ ಎತ್ತಿಕೊಂಡಳು. ಕೂತಿದ್ದ ಜಾಗ ಖಾಲಿಯಾಯಿತು.

ಹಲಗೆಯ ತುಂಬ ನೀರು ಹರಿಯಿತು. ತುತ್ತು ಬಾಯಿಗೆ ಹೋಯಿತು. ಪಂಡಿತರು ಸೀನಿದರು. ದೇಕರಸನನ್ನು ಅವನ ಹೆಂಡತಿಯೇ ಬಂದು ಕಿವಿ ಹಿಡಿದು ಇಳಿಸಿದಳು. ಮೂತಿ ಕೀಳಲು ಉಳಿ ತಂದವಳು ರಾಣಿ. ಬಡಗಿಯನ್ನು ಕರೆಯಲೇ ಇಲ್ಲ.

ಅರಸ ಮಗಳ ಕೈ ಹಿಡಿದು ತಂದು, "ಇವಳು ನಿನ್ನವಳು," ಎಂದ.

"ಕೇಳಿದ್ದೀರಾ, ಒಡೆಯಾ?" ಎಂದ ದೂಮ.

ದೂಮ ಸಂಚಿಯಲ್ಲಿ ಉಳಿದಿದ್ದ ಬಾಡಿದ ಎಲೆ ತೆಗೆದು ಚಾಗಲೆಯ ಮುಂದೆ ಹಿಡಿದ. ಅವಳು ಅದನ್ನು ತಿರುಗಿಸಿ ನೋಡಿ, "ಸುಣ್ಣ ಎಲ್ಲಿ?" ಎಂದಳು. ಅರಮನೆಯ ದಾಸಿಯರು ಆ ಮಾತನ್ನು ಇಂದಿಗೂ ಆಡಿಕೊಳ್ಳುತ್ತಾರೆ.

ಮದುವೆಯಾಯಿತು, ಅರ್ಧ ರಾಜ್ಯವೂ ಬಂತು. ಹಸೆಯ ಮುಂದೆ ಸೇಸ ಅಕ್ಷತೆ ಹಿಡಿದು ನಿಂತು, "ನೂರು ಕಾಲ ಬಾಳಿ," ಎಂದ. ಬೆವರಿಳಿಯುವ ಮಧ್ಯಾಹ್ನ ಅದು. ಅವನ ಬಾಯಿಂದ ಬಿಳಿ ಹೊಗೆ ಬಂತು. ಚಾಗಲೆ ತನ್ನ ಹೆಗಲ ಶಾಲು ತೆಗೆದು ಭಾವನಿಗೆ ಹೊದಿಸಿದಳು.